ಪಟ ತೆಗೆದವರ ಹೊಣೆ

ಡಿಜಿಟಲ್ ಕ್ಯಾಮೆರಾ ಬಂದು ಛಾಯಾಗ್ರಹಣವೆಂಬ ಕಲೆಯನ್ನೇ ಕೊಂದುಹಾಕಿತು ಎಂಬ ಮಾತನ್ನು ನಾನು ಸುಮಾರು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಪ್ರತಿವರ್ಷ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ಸಮಾರಂಭಗಳಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ. ಹಿರಿಯ ಛಾಯಾಗ್ರಾಹಕರೊಬ್ಬರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತ ಮೇಲೆ ಅವರು ಧ್ವನಿವರ್ಧಕದ ಮುಂದೆ ನಿಂತು ಕತ್ತಲೆ ಕೋಣೆಯನ್ನೂ ಕೆಂಪು ದೀಪವನ್ನೂ ನೆನೆದು ಗದ್ಗದಿತರಾಗುತ್ತಾರೆ. ಸಭಿಕರೂ ತಲೆದೂಗುತ್ತಾರೆ. ಆ ಸಭಿಕರಲ್ಲಿ ಅರ್ಧದಷ್ಟು ಮಂದಿ ಅದೇ ಹೊತ್ತಿನಲ್ಲಿ ಮೊಬೈಲ್ ಎತ್ತಿ ಹಿಡಿದು ಆ ಹಿರಿಯರ ಚಿತ್ರವನ್ನೇ ತೆಗೆಯುತ್ತಿರುತ್ತಾರೆಂಬುದು ಬೇರೆ ಮಾತು.

ಈ ಗೋಳಾಟವನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ ‘ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ ಸಾರ್, ಹಾಳಾಗುವ ಪ್ರಶ್ನೆಯೇ ಇಲ್ಲ’ ಎನ್ನುವ ಹೊಸ ತಲೆಮಾರಿನವರ ಮಾತನ್ನಂತೂ ಸುತರಾಂ ಒಪ್ಪುವುದಿಲ್ಲ. ಫಿಲ್ಮಿನಿಂದ ಡಿಜಿಟಲ್ಲಿಗೆ ದಾಟುವಾಗ ನಮ್ಮ ಊರೂರಿನ ಸ್ಟುಡಿಯೋಗಳು ಫಿಲ್ಮನ್ನು ಬಿಟ್ಟವು, ಅದು ಸರಿಯೇ. ಆದರೆ ಫಿಲ್ಮಿನ ಜೊತೆಜೊತೆಗೆ ಚಿತ್ರದ ಮೂಲಪ್ರತಿಯನ್ನು ಕಾಪಾಡಿಡುವ ಹೊಣೆಯನ್ನೂ ಬಿಟ್ಟುಬಿಟ್ಟವು. ಹಾಗೆ ಬಿಡಬೇಕೆಂದು ಯಾವ ಯಂತ್ರವೂ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಹಳೆಯ ಪದ್ಧತಿಯನ್ನು ಕಣ್ಣಾರೆ ಕಾಣದ ಓದುಗರಿಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು 1985ರಲ್ಲಿ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಗೆ ವಿಜ್ಞಾನದ ಅಧ್ಯಾಪಕನಾಗಿ ಬಂದಾಗ ಆ ಊರಿನಲ್ಲಿದ್ದದ್ದು ಒಂದೇ ಸ್ಟುಡಿಯೋ, ಬಸ್ ನಿಲ್ದಾಣದ ಎದುರಿನ ಮಾಳಿಗೆಯ ಮೇಲೆ. ಅದರ ಮಾಲೀಕರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರನ್ನು ಕುರಿತು ಒಳ್ಳೆಯದನ್ನೂ ಅಷ್ಟು ಒಳ್ಳೆಯದಲ್ಲದ್ದನ್ನೂ ಹೇಳುವುದಿದೆ. ಗೋಡೆಗೆ ಅರಮನೆಯ ಮೆಟ್ಟಿಲುಗಳನ್ನು ಬರೆದ ಪರದೆ, ಒಂದು ಸ್ಟೂಲು, ಎರಡು ದೀಪ, ಕನ್ನಡಿಯ ಮುಂದೆ ಒಂದು ಬಾಚಣಿಗೆ ಮತ್ತು ಪೌಡರ್ ಡಬ್ಬಿ. ಗೂಟಕ್ಕೆ ನೇತುಹಾಕಿದ್ದ ಒಂದು ಕಪ್ಪು ಕೋಟು ಊರಿನ ಎಷ್ಟು ಮಂದಿ ಮದುವಣಿಗರ ಮೈಯನ್ನೇರಿ ಇಳಿದಿತ್ತೋ ಲೆಕ್ಕವಿಲ್ಲ.

ಕ್ಯಾಮೆರಾ ಎರಡು ಕಣ್ಣಿನ ಯಾಶಿಕಾ. 120 ಅಳತೆಯ ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು. ಹನ್ನೆರಡೂ ಮುಗಿಯದೆ ರೋಲು ಹೊರಗೆ ಬರುವಂತಿಲ್ಲ. ಆದ್ದರಿಂದ ‘ರೋಲು ಮುಗಿಯಲಿ, ಬುಧವಾರ ಬನ್ನಿ’ ಎಂಬುದು ಅಲ್ಲಿನ ಕಾಯಂ ಉತ್ತರ. ಅನಂತರ ಕಗ್ಗತ್ತಲೆಯಲ್ಲಿ ಫಿಲ್ಮನ್ನು ಡೆವಲಪರಿನಲ್ಲಿ ಅದ್ದಿ, ಹೈಪೋದಲ್ಲಿ ಸ್ಥಿರಗೊಳಿಸಿ, ನೀರಿನಲ್ಲಿ ತೊಳೆದು, ತಂತಿಗೆ ಚಿಮಟಿಗೆ ಸಿಕ್ಕಿಸಿ ಒಣಹಾಕಬೇಕು. (ಆ ಫಿಲ್ಮಿಗೆ ಕೆಂಪು ದೀಪವೂ ಸಲ್ಲದು. ಕೆಂಪು ದೀಪವೇನಿದ್ದರೂ ಕಾಗದದ ಮೇಲೆ ಮುದ್ರಿಸುವಾಗ. ನಮ್ಮ ಸಿನಿಮಾದವರು ಇದನ್ನು ಇಂದಿಗೂ ತಿಳಿದುಕೊಂಡಂತಿಲ್ಲ.) ಬೆಳಕು ಬಿದ್ದಾಗ ಬೆಳ್ಳಿಯ ಬ್ರೋಮೈಡ್ ವಿಭಜನೆಯಾಗುತ್ತದೆಂಬ ಪಾಠ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ಅದನ್ನು ಬೋರ್ಡಿನ ಮೇಲೆ ಬರೆದು ಒಪ್ಪಿಸುವುದಕ್ಕಿಂತ ನಾಲ್ಕು ನಾಲ್ಕು ಮಕ್ಕಳನ್ನು ಆ ಕತ್ತಲೆ ಕೋಣೆಗೆ ಕರೆದೊಯ್ದು, ಬಿಳಿಯ ಕಾಗದದ ಮೇಲೆ ತಟ್ಟೆಯ ದ್ರಾವಣದೊಳಗೆ ಒಂದು ಮುಖ ನಿಧಾನವಾಗಿ ಮೂಡಿಬರುವುದನ್ನು ತೋರಿಸುವುದು ಲೇಸೆಂದು ನಾನು ಬಗೆದಿದ್ದೆ. ಮಾಲೀಕರು ಬೇಸರಿಸದೆ ಅವಕಾಶ ಕೊಡುತ್ತಿದ್ದರು.

ನೆಗೆಟಿವ್ ಒಣಗಿದ ಮೇಲೆ ಅದರ ಮಂದ ಮುಖದ ಮೇಲೆ ಚೂಪಾದ ಪೆನ್ಸಿಲಿನಿಂದ ಟಚಿಂಗ್. ಕೊನೆಗೆ, ಅಂದರೆ ಗಿರಾಕಿಯು ಮೂರು ಪ್ರತಿಗಳನ್ನು ಕೊಂಡು ಹೊರಟುಹೋದ ಮೇಲೆ, ನಡೆಯುತ್ತಿದ್ದ ಕೆಲಸವೇ ಈ ಲೇಖನದ ಮುಖ್ಯ ವಸ್ತು. ಅವರು ಆ ನೆಗೆಟಿವನ್ನು ಬಟರ್ ಪೇಪರಿನ ಲಕೋಟೆಯಲ್ಲಿಟ್ಟು ಮೇಲೆ ಸಂಖ್ಯೆ ಬರೆಯುತ್ತಿದ್ದರು. ಅದೇ ಸಂಖ್ಯೆಯನ್ನು ಉದ್ದನೆಯ ರಿಜಿಸ್ಟರಿನಲ್ಲಿ ದಿನಾಂಕ, ಹೆಸರು, ಊರು, ಉದ್ದೇಶಗಳೊಡನೆ ನಮೂದಿಸುತ್ತಿದ್ದರು. ಲಕೋಟೆಗಳು ಬಿಸ್ಕತ್ತಿನ ತಗಡಿನ ಡಬ್ಬಿಗಳಿಗೆ, ಡಬ್ಬಿಗಳು ಮರದ ಬೀರುವಿಗೆ. ಪಟದ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರಿನ ಕೆಳಗೆ ಅದೇ ಸಂಖ್ಯೆ ನೀಲಿ ಮಸಿಯಲ್ಲಿ. ‘ಮುಂದೆ ಪ್ರತಿ ಬೇಕಾದಲ್ಲಿ ಈ ನಂಬರನ್ನು ತಿಳಿಸಿ’ ಎಂದು ಅಲ್ಲಿ ಅಚ್ಚಾಗಿರುತ್ತಿತ್ತು. ನಿಮ್ಮ ಮನೆಯ ಹಳೆಯ ಪಟಗಳನ್ನು ಚೌಕಟ್ಟಿನಿಂದ ಬಿಡಿಸಿ ನೋಡಿ, ಇಂಥದ್ದೊಂದು ಮಾತು ಕಂಡೀತು.

1999ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅವನ ತಂದೆ ತೀರಿಕೊಂಡು ಹನ್ನೊಂದು ದಿನಗಳಾಗಿದ್ದವು. ಮನೆಯಲ್ಲಿ ಅವರದೊಂದು ಪಟವೂ ಇಲ್ಲ. ‘ಮೇಷ್ಟ್ರೇ, ನಾನು ಸಣ್ಣವನಿದ್ದಾಗ ಅಪ್ಪಯ್ಯ ಸೊಸೈಟಿ ಸಾಲಕ್ಕೆ ಅಂತ ಒಂದು ಸಲ ಫೋಟೋ ತೆಗೆಸಿದ್ದು ನೆನಪು. ಆ ವರ್ಷ ದೊಡ್ಡ ಮಳೆ ಬಂದಿತ್ತು’ ಎಂದ. ನಂಬರಿಲ್ಲ, ತಿಂಗಳಿಲ್ಲ. ಮಾಲೀಕರು ರಿಜಿಸ್ಟರುಗಳನ್ನು ಕೆಳಗಿಳಿಸಿ ಒಂದೊಂದು ಪುಟಕ್ಕೂ ಬೆರಳು ಹಾಯಿಸುತ್ತ ಹೋದರು. 1988ರ ಪುಸ್ತಕದಲ್ಲಿ ‘ಸೊಸೈಟಿ ಸಾಲ’ ಎಂದು ಉದ್ದೇಶ ಬರೆದ ಸಾಲು ಸಿಕ್ಕಿತು. ಲಕೋಟೆಯನ್ನು ಹುಡುಕಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪು ಮುಖ, ಬಿಳಿಯ ಕೂದಲು. ಹುಡುಗ ಆ ತಲೆಕೆಳಗಾದ ಬಣ್ಣಗಳಲ್ಲಿಯೂ ತಂದೆಯನ್ನು ಗುರುತಿಸಿದ. ಒಟ್ಟು ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಮರುದಿನ ಹತ್ತು ಅಂಗುಲಕ್ಕೆ ಹನ್ನೆರಡು ಅಂಗುಲದ ಪಟ ಸಿದ್ಧವಾಗಿತ್ತು.

ಇದರಲ್ಲಿ ಪುಣ್ಯಕಾರ್ಯವೇನೂ ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೆಗೆಟಿವ್ ಸ್ಟುಡಿಯೋದವರ ಬಂಡವಾಳವಾಗಿತ್ತು. ಮರುಪ್ರತಿಗೆ ದುಡ್ಡು ಸಿಗುತ್ತಿತ್ತು, ಆದ್ದರಿಂದ ಕಾಪಾಡಿದರು. ಆದರೆ ವ್ಯಾಪಾರದ ಲೆಕ್ಕಾಚಾರವೊಂದು ಊರಿಗೆಲ್ಲ ಉಪಕಾರವಾಗಿ ಪರಿಣಮಿಸಿತ್ತು. ಊರಿನ ಜನರ ಮುಖಗಳೆಲ್ಲ ಒಂದು ಮರದ ಬೀರುವಿನಲ್ಲಿ ಕ್ರಮಸಂಖ್ಯೆಯೊಡನೆ ಕುಳಿತಿದ್ದವು. ಗ್ರಾಮಲೆಕ್ಕಿಗರ ಬಳಿ ಹೊಲಗದ್ದೆಗಳ ದಾಖಲೆ ಇರುವಂತೆ ಈತನ ಬಳಿ ಮುಖಗಳ ದಾಖಲೆ ಇತ್ತು.

ಹಾಗೆಂದು ಫಿಲ್ಮನ್ನು ಪೂಜಿಸುವ ಅಗತ್ಯವಿಲ್ಲ. ಮಲೆನಾಡಿನ ಮಳೆಗಾಲ ಎಂಥದ್ದೆಂದು ಬಲ್ಲವರಿಗೆ ನೆಗೆಟಿವಿನ ಮೇಲೆ ಬೆಳೆಯುವ ಬೂಷ್ಟು ಏನೆಂದೂ ಗೊತ್ತು. ಕಪ್ಪು ಬಿಳುಪು ನೆಗೆಟಿವಿನಲ್ಲಿ ಉಳಿಯುವುದು ಬೆಳ್ಳಿ, ಅದು ಗಟ್ಟಿ. ವರ್ಣ ನೆಗೆಟಿವಿನಲ್ಲಿ ಉಳಿಯುವುದು ಬರಿಯ ಬಣ್ಣ, ಅದು ಕಾಲಕ್ರಮದಲ್ಲಿ ಮಾಸುತ್ತದೆ. ಬೆಂಕಿ ಬಿದ್ದರೆ ಎರಡೂ ಇಲ್ಲ. ಕಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ ಎಂಬ ಹೆಸರಾಂತ ಸ್ಟುಡಿಯೋ ಹತ್ತೊಂಬತ್ತನೆಯ ಶತಮಾನದಿಂದ ಕೂಡಿಟ್ಟುಕೊಂಡು ಬಂದಿದ್ದ ಭಂಡಾರದ ಬಹುಭಾಗವನ್ನು 1991ರ ಒಂದು ಬೆಂಕಿಯಲ್ಲಿ ಕಳೆದುಕೊಂಡಿತು. 2016ರಲ್ಲಿ ಆ ಸ್ಟುಡಿಯೋವೇ ಮುಚ್ಚಿತು. ಎಲ್ಲವೂ ಒಂದೇ ಪ್ರತಿ, ಒಂದೇ ಕಟ್ಟಡ. ಫಿಲ್ಮಿನ ದೊಡ್ಡ ದೌರ್ಬಲ್ಯವೇ ಅದು.

ನಮ್ಮ ಸ್ಟುಡಿಯೋ ಮಾಲೀಕರು 2004ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹನ್ನೆರಡು ಕಿಲೋಮೀಟರು ನಡೆದು ಬಂದು ಪಟ ತೆಗೆಸಿಕೊಂಡ ಮುದುಕಿಯೊಬ್ಬಳು ಬುಧವಾರ ಮತ್ತೆ ಹನ್ನೆರಡು ಕಿಲೋಮೀಟರು ನಡೆದು ಬಂದಾಗ ‘ಅಜ್ಜಿ, ಕಣ್ಣು ಮುಚ್ಚಿಬಿಟ್ಟಿದ್ದೀರಿ, ಇನ್ನೊಂದು ತೆಗೆಯಬೇಕು’ ಎಂದು ಹೇಳುವ ಪ್ರಸಂಗ ಅಲ್ಲಿಗೆ ತಪ್ಪಿತು. ಹೈಪೋದಲ್ಲಿ ನೆನೆದೂ ನೆನೆದೂ ಬಿರಿದಿದ್ದ ಅವರ ಬೆರಳುಗಳು ವಾಸಿಯಾದವು. ಬಡವರಿಗೆ ಒಂದು ಪಟದ ಖರ್ಚು ಇಳಿಯಿತು. ಕಲೆ ಸತ್ತಿತೆನ್ನುವವರು ಈ ಅಜ್ಜಿಯ ಎದುರಿಗೆ ನಿಂತು ಆ ಮಾತನ್ನಾಡಲಿ. ಬೆಳಕು ಯಾವ ಕಡೆಯಿಂದ ಬೀಳಬೇಕು, ಗದ್ದವನ್ನು ಎಷ್ಟು ಎತ್ತಬೇಕು, ಗಾಬರಿಯಿಂದ ಮರಗಟ್ಟಿ ಕುಳಿತವನ ಮುಖ ಸಡಿಲವಾಗುವಂತೆ ಯಾವ ಮಾತನ್ನಾಡಬೇಕು - ಕಲೆಯೆಂಬುದು ಇದ್ದರೆ ಅದು ಅಲ್ಲಿತ್ತು. ಅದಕ್ಕೂ ಬೆಳ್ಳಿಯ ಬ್ರೋಮೈಡಿಗೂ ಸಂಬಂಧವಿಲ್ಲ.

ಕಾಲದ ಓಟವನ್ನು ಯಾರೂ ತಡೆಯಲಾಗದಿತ್ತು. 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದವನು ಕೊಡಾಕ್ ಕಂಪನಿಯದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಅದೇ ಕೊಡಾಕ್ 2012ರಲ್ಲಿ ದಿವಾಳಿಯ ಅರ್ಜಿ ಹಾಕಿತು. ನಮ್ಮ ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮನ್ನೂ ಕಾಗದವನ್ನೂ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಈಗಿಲ್ಲ. ಇವೆಲ್ಲ ನಿಂತ ಮೇಲೆ ಮಾಳಿಗೆಯ ಮೇಲಿನ ಒಬ್ಬ ಬಡಪಾಯಿ ಛಾಯಾಗ್ರಾಹಕ ಫಿಲ್ಮನ್ನು ಹಿಡಿದುಕೊಂಡು ಕೂರಬೇಕಿತ್ತೆಂದು ಹೇಳುವುದು ಅನ್ಯಾಯ.

ಆದರೆ ದಾಟಿದ ಮೇಲೆ ನಡೆದದ್ದೇನು? ಮರದ ಬೀರುವಿನ ಪಕ್ಕದಲ್ಲಿ ಕಂಪ್ಯೂಟರು ಬಂದು ಕುಳಿತಿತು. ರಿಜಿಸ್ಟರು ನಿಂತುಹೋಯಿತು. ‘ಎಲ್ಲಾ ಅದರೊಳಗೇ ಇರ್ತದಲ್ಲ ಮೇಷ್ಟ್ರೇ, ಬರೆಯೋದು ಯಾಕೆ?’ ಎಂದರು.

2006ರಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯವರ ಗ್ರೂಪ್ ಫೋಟೋವನ್ನು ಅವರೇ ತೆಗೆದರು. ನಾಲ್ಕು ಸಾಲುಗಳಲ್ಲಿ ಅರವತ್ತೆರಡು ಮಕ್ಕಳು. ಪರೀಕ್ಷೆಯ ಅರ್ಜಿಗೆಂದು ಒಬ್ಬೊಬ್ಬರದೂ ಪಾಸ್‌ಪೋರ್ಟ್ ಅಳತೆಯ ಪಟವನ್ನು ಅದಕ್ಕೆ ಕೆಲವು ತಿಂಗಳ ಮುನ್ನ ತೆಗೆದಿದ್ದರು. ಆ ಮಕ್ಕಳಲ್ಲೊಬ್ಬ 2008ರ ಮಳೆಗಾಲದಲ್ಲಿ ಹೊಳೆಯ ಪಾಲಾದ. ತಂದೆತಾಯಿಗಳು ಸ್ಟುಡಿಯೋಗೆ ಹೋದರು, ನಾನೂ ಜೊತೆಗಿದ್ದೆ. ಪಾಸ್‌ಪೋರ್ಟ್ ಪಟದ ಫೈಲು ಇರಲಿಲ್ಲ. ಎಂಟು ಪ್ರತಿ ಮುದ್ರಿಸಿಕೊಟ್ಟ ವಾರದಲ್ಲೇ ಅಂಥವನ್ನೆಲ್ಲ ಅಳಿಸುವುದು ವಾಡಿಕೆಯಂತೆ. ಗ್ರೂಪ್ ಫೋಟೋ ಇತ್ತು, ಆದರೆ ಮೂಲವಲ್ಲ. ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಅದನ್ನು 1024 ಬಿಂದುಗಳ ಅಗಲಕ್ಕೆ ಕುಗ್ಗಿಸಿ, ಮೂಲವನ್ನು ತೆಗೆದುಹಾಕಿದ್ದರು.

ಲೆಕ್ಕ ಹಾಕಿ ನೋಡಿ. ಒಂದು ಸಾಲಿನಲ್ಲಿ ಹದಿನಾರು ಮಕ್ಕಳೆಂದರೆ ಒಬ್ಬೊಬ್ಬರ ಪಾಲಿಗೆ 64 ಬಿಂದುಗಳು. ಅದರಲ್ಲಿ ಮುಖದ ಅಗಲ ಸುಮಾರು 25. ಇಪ್ಪತ್ತೈದು ಚುಕ್ಕೆಗಳಲ್ಲಿ ಒಬ್ಬ ಹುಡುಗನ ಕಣ್ಣು, ಮೂಗು, ನಗು ಎಲ್ಲವೂ ಇರಬೇಕು. ಪರದೆಯ ಮೇಲೆ ಹಿಗ್ಗಿಸಿದಾಗ ಕಾಣಿಸಿದ್ದು ಮುಖವಲ್ಲ, ಕಂದು ಬಣ್ಣದ ಚೌಕಗಳು. ತಾಯಿ ಮಾತ್ರ ಅದನ್ನೇ ನೋಡುತ್ತ ನಿಂತಿದ್ದರು. ಆ ಕಾಲದ ಆರು ಮೆಗಾಪಿಕ್ಸೆಲ್ ಕ್ಯಾಮೆರಾದ ಮೂಲಫೈಲು ಇದ್ದಿದ್ದರೆ ಅದರ ಅಗಲ 3000 ಬಿಂದು, ಅಂದರೆ ಮುಖಕ್ಕೆ ಎಪ್ಪತ್ತಕ್ಕೂ ಹೆಚ್ಚು. ಅದೂ ಬಹಳವೇನಲ್ಲ, ಹಳೆಯ ಯಾಶಿಕಾದ ನೆಗೆಟಿವಿನಲ್ಲಿ ಇನ್ನೂ ಹೆಚ್ಚಿನ ವಿವರ ಸಿಗುತ್ತಿತ್ತು. ಆದರೂ ಒಂದು ಸಣ್ಣ ಪಟವಾದರೂ ಆಗುತ್ತಿತ್ತು.

ಕೊನೆಗೆ ಉಳಿದದ್ದು ಅವನ ಪರೀಕ್ಷೆಯ ಪ್ರವೇಶಪತ್ರ. ಅದಕ್ಕೆ ಅಂಟಿಸಿದ್ದ ಪಟದ ಮೇಲೆ, ನಿಯಮದಂತೆ, ಶಾಲೆಯ ನೇರಳೆ ಬಣ್ಣದ ದುಂಡು ಮೊಹರು ಅರ್ಧ ಮುಖವನ್ನು ಆವರಿಸಿಕೊಂಡು ಬಿದ್ದಿತ್ತು. ಅದನ್ನೇ ಸ್ಕ್ಯಾನ್ ಮಾಡಿ, ತಿದ್ದಿ, ಮೊಹರಿನ ಗೆರೆಗಳನ್ನು ಆದಷ್ಟು ಅಳಿಸಿ ದೊಡ್ಡದು ಮಾಡಿಸಿದರು. ಇಂದಿಗೂ ಆ ಮನೆಯ ಗೋಡೆಯ ಮೇಲೆ, ಹಾರದ ನಡುವೆ, ಹುಡುಗನ ಎಡಗೆನ್ನೆಯ ಮೇಲೆ ತೆಳುವಾದ ಕಮಾನೊಂದು ಕಾಣುತ್ತದೆ.

1988ರ ಕೂಲಿಕಾರನ ಮುಖವನ್ನು ಹನ್ನೊಂದು ವರ್ಷಗಳ ಅನಂತರ ಅರ್ಧ ಗಂಟೆಯಲ್ಲಿ ಹುಡುಕಿ ಕೊಟ್ಟವರೂ ಅವರೇ. ಮೂರು ವರ್ಷ ತುಂಬುವ ಮೊದಲೇ ಹುಡುಗನ ಮುಖವನ್ನು ಇಲ್ಲವೆಂದವರೂ ಅವರೇ. ಅದೇ ಅಂಗಡಿ, ಅದೇ ಮನುಷ್ಯ. ಅವರು ಕೆಟ್ಟವರಾಗಿರಲಿಲ್ಲ, ಸೋಮಾರಿಯೂ ಅಲ್ಲ. ಹಾಗಾದರೆ ಬದಲಾದದ್ದೇನು?

ನನಗೆ ತೋರುವುದು ಇಷ್ಟು. ನೆಗೆಟಿವ್ ಎಂಬುದು ಕೈಗೆ ಸಿಗುವ ಒಂದು ವಸ್ತು. ಸುಮ್ಮನೆ ಬಿಟ್ಟರೆ ಅದು ಇದ್ದಲ್ಲೇ ಇರುತ್ತಿತ್ತು. ಅದನ್ನು ಕಳೆಯಬೇಕಾದರೆ ಯಾರಾದರೊಬ್ಬರು ಎದ್ದು ಹೋಗಿ, ಡಬ್ಬಿ ತೆರೆದು, ಎತ್ತಿ ಎಸೆಯಬೇಕಿತ್ತು. ಡಿಜಿಟಲ್ಲಿನಲ್ಲಿ ಇದು ತಿರುವುಮುರುವಾಗಿದೆ. ಸುಮ್ಮನೆ ಬಿಟ್ಟರೆ ಹೋಗುತ್ತದೆ. ಉಳಿಯಬೇಕಾದರೆ ಯಾರಾದರೂ ದುಡಿಯಬೇಕು. ಮೆಮೊರಿ ಕಾರ್ಡು ತುಂಬಿದರೆ ಮರುದಿನದ ಕೆಲಸಕ್ಕೆ ಅದನ್ನು ಫಾರ್ಮ್ಯಾಟ್ ಮಾಡಲೇಬೇಕು. ಕಂಪ್ಯೂಟರಿಗೆ ವೈರಸ್ ತಗುಲಿದರೆ ರಿಪೇರಿಯ ಹುಡುಗ ಬಂದು ಮೊದಲು ಮಾಡುವುದೂ ಫಾರ್ಮ್ಯಾಟೇ. ಹಾರ್ಡ್ ಡಿಸ್ಕು ಒಂದು ದಿನ ಕಟಕಟ ಸದ್ದು ಮಾಡಿ ನಿಲ್ಲುತ್ತದೆ. ಬರೆದಿಟ್ಟ ಸಿ.ಡಿ.ಯನ್ನು ಹತ್ತು ವರ್ಷಗಳ ಮೇಲೆ ಹಾಕಿ ನೋಡಿದರೆ ಓದಿಸಿಕೊಳ್ಳುವುದೇ ಸಂಶಯ. ಓದಿಸಿಕೊಂಡರೂ ಈಗಿನ ಕಂಪ್ಯೂಟರುಗಳಲ್ಲಿ ಅದನ್ನು ಹಾಕುವ ತಟ್ಟೆಯೇ ಇಲ್ಲ. ಕೊಡಾಕಿನವರು 1992ರಲ್ಲಿ ಫೋಟೋ ಸಿ.ಡಿ. ಎಂಬ ಹೊಸ ವಿಧಾನವನ್ನು ತಂದು, ಆಮೇಲೆ ತಾವೇ ಕೈಬಿಟ್ಟರು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಛಾಯಾಗ್ರಾಹಕರೇ ಎಷ್ಟೋ ಮಂದಿ ಗಮನಿಸಿಲ್ಲ. ಅನೇಕ ಕ್ಯಾಮೆರಾಗಳು ಚಿತ್ರಗಳಿಗೆ ತಾವಾಗಿಯೇ ಕೊಡುವ ಹೆಸರು 0001ರಿಂದ ಮೊದಲಾಗಿ 9999ಕ್ಕೆ ಮುಗಿದು, ಮತ್ತೆ 0001ಕ್ಕೆ ಬರುತ್ತದೆ. ದಿನಕ್ಕೆ ಐವತ್ತು ಚಿತ್ರ ತೆಗೆಯುವವನಿಗೆ ಏಳು ತಿಂಗಳೊಳಗೆ ಅದೇ ಹೆಸರಿನ ಇನ್ನೊಂದು ಚಿತ್ರ ಹುಟ್ಟುತ್ತದೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದು, ಕಂಪ್ಯೂಟರು ಕೇಳಿದ ಪ್ರಶ್ನೆಯನ್ನು ಓದದೆ ‘ಯೆಸ್’ ಒತ್ತಿದರೆ ಹಿಂದಿನ ಮುಖ ಅಳಿದು ಹೋಗಿ ಮುಂದಿನ ಮುಖ ಅದರ ಜಾಗದಲ್ಲಿ ಕೂರುತ್ತದೆ. ಹಳೆಯ ರಿಜಿಸ್ಟರಿನಲ್ಲಿ ಒಂದು ಸಂಖ್ಯೆಯನ್ನು ಎರಡು ಸಲ ಬರೆದದ್ದನ್ನು ನಾನು ಕಾಣೆ.

ಮೂಲಪ್ರತಿ ಎಂಬ ಕಲ್ಪನೆಯೇ ಹೇಗೆ ಕರಗಿಹೋಯಿತು ನೋಡಿ. ಪೆನ್ಸಿಲ್ ಟಚಿಂಗಿನ ಕಾಲದಲ್ಲಿ ಕಣ್ಣಿನ ಕೆಳಗಿನ ಕಪ್ಪನ್ನೋ ಹಣೆಯ ಸುಕ್ಕನ್ನೋ ತಿದ್ದುತ್ತಿದ್ದರು. ಆ ಪೆನ್ಸಿಲಿನ ಗೆರೆಗಳ ಅಡಿಯಲ್ಲಿ ನಿಜವಾದ ಮುಖ ಇದ್ದೇ ಇರುತ್ತಿತ್ತು. ಈಗ ಫೋಟೋಶಾಪಿನಲ್ಲಿ ಮುಖವನ್ನು ತಿದ್ದಿ ಅದೇ ಹೆಸರಿನಲ್ಲಿ ಸೇವ್ ಮಾಡುತ್ತಾರೆ. ಅಲ್ಲಿಗೆ ನಿಜವಾದ ಮುಖ ಮುಗಿಯಿತು. ತಿದ್ದುವುದಾದರೂ ಏನು? ಕೇಳಲಿ ಬಿಡಲಿ, ಪ್ರತಿಯೊಬ್ಬರನ್ನೂ ಬೆಳ್ಳಗೆ ಮಾಡುವುದು. ಬಿಸಿಲಿನಲ್ಲಿ ನಾಟಿ ಮಾಡಿ ಮಾಡಿ ಕಪ್ಪಾದ ಹೆಂಗಸು, ಕೆನ್ನೆಯ ಮೇಲೆ ಹುಟ್ಟುಮಚ್ಚೆಯಿದ್ದ ಮುದುಕ, ಎಲ್ಲರೂ ಮೈದಾಹಿಟ್ಟಿನ ಬೊಂಬೆಗಳಂತೆ ಹೊರಬರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರ ಮೊಮ್ಮಗಳು ಗೋಡೆಯ ಮೇಲಿನ ಪಟವನ್ನು ತೋರಿಸಿ ‘ಇವರು ಯಾರು?’ ಎಂದು ಕೇಳಿದಳು. ಅದು ಅವಳ ಮುತ್ತಜ್ಜಿ. ವರ್ಷದ ಹಿಂದಿನವರೆಗೂ ಅವಳನ್ನು ಎತ್ತಿ ಆಡಿಸಿದವರು. ಗಿರಾಕಿಗಳು ಹಾಗೇ ಕೇಳುತ್ತಾರೆಂದು ಸ್ಟುಡಿಯೋದವರ ಸಮಜಾಯಿಷಿ. ಕೇಳಿದರೆ ಕೊಡಲಿ, ಅದು ಅವರ ವ್ಯಾಪಾರ. ತಿದ್ದದ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳಬೇಡಿರೆಂದು ಯಾವ ಗಿರಾಕಿ ಹೇಳಿದ್ದಾನೆ?

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಮೊದಲ ಹಕ್ಕುದಾರ ತೆಗೆಸಿಕೊಂಡವನೇ, ತೆಗೆದವನಲ್ಲ. ಆದರೆ ನೆಗೆಟಿವೆಂಬ ವಸ್ತು ಸ್ಟುಡಿಯೋದಲ್ಲೇ ಉಳಿಯುವುದು ರೂಢಿಯಾಗಿತ್ತು. ಹಕ್ಕು ಗಿರಾಕಿಯದು, ಕಾವಲು ಸ್ಟುಡಿಯೋದ್ದು. ಈಗ ಕಾವಲನ್ನು ಕೈಬಿಡುವುದಾದರೆ ‘ನಿಮ್ಮ ಚಿತ್ರವನ್ನು ಒಂದು ತಿಂಗಳ ಮೇಲೆ ನಾವು ಇಟ್ಟುಕೊಳ್ಳುವುದಿಲ್ಲ, ಮೂಲಫೈಲನ್ನು ನೀವೇ ಒಯ್ಯಿರಿ’ ಎಂದು ಗಿರಾಕಿಗೆ ಎದುರಿಗೇ ಹೇಳಬೇಕು. ಇಂಥ ಫಲಕವನ್ನು ತೂಗುಹಾಕಿದ ಒಂದು ಸ್ಟುಡಿಯೋವನ್ನು ನಾನು ಈವರೆಗೆ ಕಂಡಿಲ್ಲ. ಜನರು ಮಾತ್ರ ಹಳೆಯ ನಂಬಿಕೆಯಲ್ಲೇ ಇದ್ದಾರೆ. ಸ್ಟುಡಿಯೋದಲ್ಲಿ ತೆಗೆಸಿದ್ದಲ್ಲವೇ, ಅವರ ಹತ್ತಿರ ಇದ್ದೇ ಇರುತ್ತದೆ ಎನ್ನುತ್ತಾರೆ.

ಜಾಗವಿಲ್ಲ, ಖರ್ಚು ಬರುತ್ತದೆ ಎಂಬ ವಾದ 2005ರಲ್ಲಿ ಸ್ವಲ್ಪ ಮಟ್ಟಿಗೆ ನಿಜವಾಗಿತ್ತು. ಇಂದು ಅದು ನಿಲ್ಲುವುದಿಲ್ಲ. ಚಿಕ್ಕ ಊರಿನ ಸ್ಟುಡಿಯೋಗೆ ದಿನಕ್ಕೆ ಇಪ್ಪತ್ತು ಮಂದಿ ಬಂದರು ಎನ್ನಿ. ಒಬ್ಬೊಬ್ಬರದು ಮೂರು ಮೂಲಚಿತ್ರಗಳನ್ನು ಇಟ್ಟುಕೊಂಡರೆ, ಒಂದಕ್ಕೆ 6 ಎಂ.ಬಿ.ಯಂತೆ, ದಿನಕ್ಕೆ 360 ಎಂ.ಬಿ. ಮುನ್ನೂರು ದಿನಕ್ಕೆ 108 ಜಿ.ಬಿ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂಬತ್ತು ವರ್ಷಗಳ ಊರು ಹಿಡಿಸುತ್ತದೆ. ಅಂಥವೆರಡನ್ನು ಕೊಂಡು ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಟ್ಟರೂ ಅದರ ಬೆಲೆ ಒಂದು ಮದುವೆಯ ಆಲ್ಬಮ್ಮಿಗಿಂತ ಕಡಿಮೆ. ಬೋರ್ನ್ ಅಂಡ್ ಶೆಫರ್ಡಿನವರಿಗೆ ಇಲ್ಲದಿದ್ದ ಸೌಲಭ್ಯ ಇದು. ಮೂಲಕ್ಕೆ ಕಿಂಚಿತ್ತೂ ಕಡಿಮೆಯಲ್ಲದ ಎರಡನೆಯ ಪ್ರತಿಯನ್ನು ಇನ್ನೊಂದು ಕಟ್ಟಡದಲ್ಲಿ ಇಡಬಹುದು. ಡಿಜಿಟಲ್ಲಿನ ಅತಿ ದೊಡ್ಡ ಉಪಕಾರವನ್ನೇ ನಮ್ಮವರು ಬಳಸಿಕೊಳ್ಳಲಿಲ್ಲವಲ್ಲ ಎಂಬುದು ನನ್ನ ಸಂಕಟ.

‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಒಬ್ಬೊಬ್ಬರದೂ ಸಾವಿರ ಫೋಟೋ ಇದೆ, ಸ್ಟುಡಿಯೋದವರು ಇಟ್ಟುಕೊಂಡು ಏನಾಗಬೇಕು?’ ಎಂದು ಕೇಳುವವರಿದ್ದಾರೆ. ಸಾವಿರ ಇದೆ, ನಿಜ. ಫೋನು ಬಾವಿಗೆ ಬಿದ್ದ ದಿನ ಸಾವಿರವೂ ಹೋಗುತ್ತವೆ. ವಾಟ್ಸ್ಯಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗಿ ಹೋಗಿರುತ್ತದೆ, ಅದು 2006ರ ಗ್ರೂಪ್ ಫೋಟೋದ ಕಥೆಯೇ. ಅಲ್ಲದೆ ಗೋಡೆಗೆ ಹಾಕುವ ಪಟಕ್ಕೆ ಬೇಕಾದಂತೆ ನೆಟ್ಟಗೆ ಕುಳಿತು, ಎದುರು ನೋಡಿ, ಒಳ್ಳೆಯ ಬೆಳಕಿನಲ್ಲಿ ತೆಗೆಸಿಕೊಂಡದ್ದು ಆ ಸಾವಿರದಲ್ಲಿ ಒಂದೂ ಇರುವುದಿಲ್ಲ. ಮನೆಯಲ್ಲಿ ಸಾವು ಸಂಭವಿಸಿದಾಗ ನೆರೆಹೊರೆಯವರೆಲ್ಲ ಫೋನು ತಡಕುತ್ತ, ಯಾರದೋ ಮದುವೆಯ ಊಟದ ಪಂಕ್ತಿಯಿಂದ ಆ ಮುಖವನ್ನು ಕತ್ತರಿಸಿ ತೆಗೆಯುವ ದೃಶ್ಯವನ್ನು ನೀವೂ ಕಂಡಿರುತ್ತೀರಿ.

ಒಂದು ಮಾಮೂಲಿ ಸ್ಟುಡಿಯೋದ ಬೀರುವಿಗೆ ಬೆಲೆ ಇದೆಯೇ ಎಂದು ಅನುಮಾನಿಸುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಪಶ್ಚಿಮ ಆಫ್ರಿಕದ ಮಾಲಿ ದೇಶದ ಬಮಾಕೊ ನಗರದಲ್ಲಿ ಸೆಯ್ದು ಕೇತಾ ಎಂಬಾತ 1948ರಲ್ಲಿ ಸ್ಟುಡಿಯೋ ತೆರೆದು, ಊರಿನ ಜನರು ತಮ್ಮ ಒಳ್ಳೆಯ ಬಟ್ಟೆ ತೊಟ್ಟು ಬಂದು ಕುಳಿತ ಪಟಗಳನ್ನು ತೆಗೆದ. ನಮ್ಮ ಮಾಳಿಗೆಯ ಸ್ಟುಡಿಯೋದ ಹಾಗೆಯೇ ಅವನೂ ಕೋಟು, ಟೈಗಳನ್ನು ಗಿರಾಕಿಗಳಿಗಾಗಿ ಇಟ್ಟಿದ್ದನಂತೆ. ಅವನು ನೆಗೆಟಿವುಗಳನ್ನು ಜೋಪಾನ ಮಾಡಿದ್ದರಿಂದ 1990ರ ದಶಕದಲ್ಲಿ ಅವು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು, ಇಂದು ಅವನನ್ನು ಜಗತ್ತಿನ ದೊಡ್ಡ ಭಾವಚಿತ್ರಕಾರರಲ್ಲಿ ಎಣಿಸುತ್ತಾರೆ. ನಮ್ಮಲ್ಲೇ ಸಿಕಂದರಾಬಾದಿನ ರಾಜಾ ದೀನ್ ದಯಾಳ್ ಇದ್ದರು. ಅವರು 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವುಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅಲ್ಲಿ ರಾಜಮಹಾರಾಜರು ಇದ್ದಾರೆ. ನಮ್ಮ ಬೀರುವಿನಲ್ಲಿ ಸೊಸೈಟಿ ಸಾಲಕ್ಕೆ ಬಂದವರಿದ್ದರು. ಇವರ ಚರಿತ್ರೆಯನ್ನು ಬರೆಯಹೊರಟವರಿಗೆ ಬೇರೆ ದಾಖಲೆ ಎಲ್ಲಿದೆ?

‘ಇದ್ದರು’ ಎಂದು ಭೂತಕಾಲದಲ್ಲಿ ಬರೆದದ್ದಕ್ಕೆ ಕಾರಣವಿದೆ. ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಮಾಳಿಗೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟರು. ಬೀರು ಹಿತ್ತಲಿಗೆ ಹೋಯಿತು. ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ಬೆಳ್ಳಿಗಾಗಿ ಕೊಳ್ಳುವ ವ್ಯಾಪಾರಿ ಕಪ್ಪು ಬಿಳುಪು ನೆಗೆಟಿವುಗಳನ್ನೂ ತೂಕಕ್ಕೆ ಕೊಂಡು ಹೋದ. ವರ್ಣ ನೆಗೆಟಿವುಗಳಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ಆದ್ದರಿಂದ ಅವು ಕಸಕ್ಕೆ ಹೋದವು. ನನಗೆ ಸುದ್ದಿ ತಿಳಿದು ಹೋಗುವಷ್ಟರಲ್ಲಿ ಉಳಿದಿದ್ದದ್ದು ಗೆದ್ದಲು ತಿಂದ ಮೂರು ರಿಜಿಸ್ಟರುಗಳು ಮತ್ತು ಒಂದೇ ಒಂದು ಬಿಸ್ಕತ್ತು ಡಬ್ಬಿ. ಮಗನನ್ನು ಕೇಳಿ ಅವನ್ನು ಮನೆಗೆ ತಂದಿದ್ದೇನೆ. ಡಬ್ಬಿಯಲ್ಲಿ 1991ರ ಮೇ ತಿಂಗಳಿಂದ ಅಕ್ಟೋಬರಿನವರೆಗಿನ 340 ನೆಗೆಟಿವುಗಳಿವೆ. ಅದೃಷ್ಟಕ್ಕೆ ಆ ವರ್ಷದ ರಿಜಿಸ್ಟರೂ ಉಳಿದ ಮೂರರಲ್ಲೊಂದು.

ನಿಮ್ಮ ಊರಿನಲ್ಲಿಯೂ ಮುಚ್ಚಿದ ಅಥವಾ ಮುಚ್ಚಲಿರುವ ಸ್ಟುಡಿಯೋ ಒಂದಿರಬಹುದು. ಗುಜರಿಯವನು ಬರುವ ಮುನ್ನ ಒಮ್ಮೆ ವಿಚಾರಿಸಿ. ನೆಗೆಟಿವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ತೇವ ಒಳಗೇ ಉಳಿದು ಬೂಷ್ಟು ಬೆಳೆಯುತ್ತದೆ. ಕಾಗದದ ಲಕೋಟೆಯಲ್ಲಿ, ನೆಲಕ್ಕೆ ತಾಗದಂತೆ, ಒಣಗಿದ ಕಡೆ ಇಡಿ. ಸ್ಕ್ಯಾನರ್ ಇಲ್ಲದವರು ಬಿಳಿಯ ಬೆಳಕಿನ ಎದುರು ಹಿಡಿದು ಮೊಬೈಲಿನಲ್ಲೇ ಚಿತ್ರ ತೆಗೆದು, ಬಣ್ಣಗಳನ್ನು ತಿರುಗುಮುರುಗು ಮಾಡಿದರೆ ಮುಖ ಗುರುತು ಹಿಡಿಯುವಷ್ಟಾದರೂ ಸಿಗುತ್ತದೆ. ನಾನು ಹಾಗೆಯೇ ದಿನಕ್ಕೆ ಹತ್ತರಂತೆ ಮಾಡುತ್ತಿದ್ದೇನೆ. ರಿಜಿಸ್ಟರಿನ ಹೆಸರು ಮತ್ತು ಊರನ್ನು ನೋಡಿಕೊಂಡು, ಆಯಾ ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳ ಮೂಲಕ ಮನೆಯವರಿಗೆ ತಲುಪಿಸುತ್ತಿದ್ದೇನೆ. ಈವರೆಗೆ 46 ಮುಖಗಳು ಮನೆ ಸೇರಿವೆ.